ಅಳತೆಯಿಂದ ಆಡಳಿತಕ್ಕೆ: ಸರ್ ಎಂ. ವಿಶ್ವೇಶ್ವರಯ್ಯ

ಮೈಸೂರಿನ ಸಮೀಪದ ಕನ್ನಂಬಾಡಿಯಿಂದ ಹೊರಟ ಕಾವೇರಿಯ ನೀರು ಶಿವನಸಮುದ್ರವನ್ನು ಇಳಿದು, ಧರ್ಮಪುರಿಯ ಹೊಗೇನಕಲ್ಲಿನ ಬಂಡೆಗಳ ನಡುವೆ ಧುಮುಕಿ, ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ಮತ್ತೆ ತಂಗುತ್ತದೆ. ಹೊಗೇನಕಲ್ಲಿಗೆ ಮೇಲೊಂದು, ಕೆಳಗೊಂದು ಅಣೆಕಟ್ಟು. ಮೊದಲನೆಯದನ್ನು ಯೋಜಿಸಿದ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಎರಡನೆಯದಕ್ಕೆ ದಾರಿಯಾದ ಒಪ್ಪಂದದ ಹಿಂದೆಯೂ ಅವರ ಯೋಜನೆಯಿಂದೆದ್ದ ವಿವಾದವಿತ್ತು. ಕಲ್ಲು ಗಾರೆಗಳ ಶಾಸ್ತ್ರವನ್ನು ಕಲಿತವರು ರಾಜ್ಯಾಡಳಿತದ ನಡುವೆ ನಿಂತಾಗ ಏನನ್ನು ಸಾಧಿಸಬಲ್ಲರು, ಎಲ್ಲಿ ತಡೆಯಲ್ಪಡುತ್ತಾರೆ ಎಂಬುದನ್ನು ತಿಳಿಯಲು ಅವರ ಜೀವನಕ್ಕಿಂತ ಉತ್ತಮ ನಿದರ್ಶನ ಕನ್ನಡನಾಡಿನಲ್ಲಿ ದೊರೆಯುವುದು ವಿರಳ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳಿಂದ ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವುದು ಸಾಧ್ಯವಾಯಿತು. ದಖ್ಖನಿನ ನಾಲೆಗಳಲ್ಲಿ ಅವರು ತಂದ ಬ್ಲಾಕ್ ಪದ್ಧತಿಯು ಇದಕ್ಕಿಂತ ಸೂಕ್ಷ್ಮವಾದ ಕಾರ್ಯ. ಜಮೀನನ್ನು ವಿಭಾಗಗಳಾಗಿ ಗುರುತಿಸಿ, ಬೆಳೆಗಳನ್ನು ಸರದಿಯಲ್ಲಿ ಬೆಳೆಸಿ, ಅಳೆದ ನೀರನ್ನು ಹಂಚುವ ಕ್ರಮವಿದು. ಬಾಗಿಲನ್ನು ಕಬ್ಬಿಣದಿಂದ ಮಾಡಬಹುದು. ನೀರಿನ ಸರದಿಯನ್ನು ರೈತರ ಒಪ್ಪಿಗೆಯಿಂದಲೇ ಮಾಡಬೇಕು. ಗಣಿತವು ಜನರ ಅಂಗಳಕ್ಕೆ ಇಳಿಯದೆ ಫಲ ಕೊಡದೆಂಬ ಪಾಠ ಇಂಥ ಕೆಲಸದಲ್ಲಿಯೇ ಅಡಗಿತ್ತು.

1908ರಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಧ್ವಂಸಗೊಳಿಸಿದಾಗ ಪರಿಹಾರವನ್ನು ಸೂಚಿಸಲು ಅವರನ್ನು ಕರೆಸಲಾಯಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯಬೇಕೆಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ರೂಪುಗೊಂಡವು. 1909ರ ಕೊನೆಯಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು.

ಕನ್ನಂಬಾಡಿಯ ಯೋಜನೆಗೆ ಮೊದಲ ತೊಡಕು ಹಣದ್ದು. ಅಷ್ಟು ದೊಡ್ಡ ವೆಚ್ಚವನ್ನು ಸಂಸ್ಥಾನವು ತಾಳಲಾರದೆಂಬ ಆಕ್ಷೇಪಕ್ಕೆ ವಿಶ್ವೇಶ್ವರಯ್ಯನವರು ಲೆಕ್ಕದಿಂದಲೇ ಉತ್ತರಿಸಿದರು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬಡವಾದಾಗ ವಿದ್ಯುತ್ತೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಸಂಗ್ರಹಿಸಿಟ್ಟರೆ ವರ್ಷವಿಡೀ ಸಮನಾದ ಪ್ರವಾಹ ದೊರೆತು, ನೀರಾವರಿಯ ಜೊತೆಗೆ ವಿದ್ಯುತ್ತಿನಿಂದಲೂ ಆದಾಯ ಬರುವುದು ಎಂಬುದು ಅವರ ವಾದ. ನಾಲ್ವಡಿ ಕೃಷ್ಣರಾಜ ಒಡೆಯರು ಸಮ್ಮತಿಸಿದರು. 1911ರಲ್ಲಿ ಕೆಲಸ ಆರಂಭವಾಯಿತು.

ಎರಡನೆಯ ತೊಡಕು ನೆರೆಯ ರಾಜ್ಯದ್ದು. ತಂಜಾವೂರಿನ ಮುಖಜಭೂಮಿಯ ಗದ್ದೆಗಳು ಶತಮಾನಗಳಿಂದ ಇದೇ ನೀರನ್ನು ನಂಬಿದ್ದವು. ಮದರಾಸು ಸರ್ಕಾರ ಮೊದಲ ಹಂತದ ಎತ್ತರಕ್ಕೆ ಮಾತ್ರ ಒಪ್ಪಿತ್ತು. ಮೈಸೂರಾದರೋ ಮುಂದೆ ಪೂರ್ಣ ಎತ್ತರಕ್ಕೆ ಏರಿಸಬಹುದಾದಷ್ಟು ಅಗಲವಾದ ತಳಪಾಯವನ್ನೇ ಹಾಕಿತು. ಎಂಜಿನಿಯರಿನ ದೃಷ್ಟಿಗೆ ಅದು ದೂರಾಲೋಚನೆ, ಕೆಳಗಿನವರ ದೃಷ್ಟಿಗೆ ಭಯದ ಕಾರಣ. 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾದರೂ ಮದರಾಸು ಅದನ್ನು ಪ್ರಶ್ನಿಸಿತು. ಕೊನೆಗೆ 1924ರ ಒಪ್ಪಂದವು ಕನ್ನಂಬಾಡಿಗೆ ಪೂರ್ಣ ಎತ್ತರವನ್ನೂ, ಮದರಾಸಿಗೆ ಮೆಟ್ಟೂರಿನ ಜಲಾಶಯವನ್ನೂ ಒದಗಿಸಿತು. ಮೆಟ್ಟೂರಿನ ಕೆಲಸ 1934ರಲ್ಲಿ ಮುಗಿಯಿತು. ಕನ್ನಂಬಾಡಿಯ ಕಟ್ಟೆ ಮಂಡ್ಯದ ಬಯಲನ್ನು ಹಸಿರಾಗಿಸಿತು. ಅದಕ್ಕೆ ಹೆಸರು ಕೊಟ್ಟ ಊರಾದರೋ ನೀರಿನಲ್ಲಿ ಮುಳುಗಿತು.

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಅವರ ಪ್ರೇರಣೆಯಿಂದ 1911ರಲ್ಲಿಯೇ ಆರಂಭವಾಗಿದ್ದ ಮೈಸೂರು ಆರ್ಥಿಕ ಸಮ್ಮೇಳನವು ಅಧಿಕಾರಿಗಳನ್ನೂ ಸಾರ್ವಜನಿಕರನ್ನೂ ಒಂದೆಡೆ ಕೂರಿಸಿ ಕೃಷಿ, ಕೈಗಾರಿಕೆ, ಶಿಕ್ಷಣಗಳನ್ನು ಚರ್ಚಿಸಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದವು. ಪರಿಷತ್ತಿನ ಮೊದಲ ಅಧ್ಯಕ್ಷರೂ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಎಚ್.ವಿ. ನಂಜುಂಡಯ್ಯನವರೇ. ಕನ್ನಡದ ಏಳಿಗೆಯೂ ನಾಡಿನ ಅರ್ಥವ್ಯವಸ್ಥೆಯೂ ಒಂದೇ ಚಿಂತನೆಯ ಎರಡು ಕವಲುಗಳಾಗಿದ್ದವೆಂಬುದು ಕನ್ನಡ ವಿದ್ಯಾರ್ಥಿಗಳು ನೆನೆಯತಕ್ಕ ಸಂಗತಿ.

ಆದರೆ ಅಳತೆಗೆ ಸುಲಭವಾಗಿ ಸಿಕ್ಕದ ಪ್ರಶ್ನೆಯೊಂದು ಅವರ ಎದುರಿಗೆ ಬಂದಿತು. ಜನಸಂಖ್ಯೆಯಲ್ಲಿ ಅಲ್ಪಭಾಗವಾಗಿದ್ದ ಬ್ರಾಹ್ಮಣರೇ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲನ್ನು ಹೊಂದಿದ್ದರು. ಉಳಿದ ಸಮುದಾಯಗಳು ತಮ್ಮ ಪಾಲನ್ನು ಕೇಳಿದಾಗ, 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ನೇಮಕಕ್ಕೆ ಯೋಗ್ಯತೆಯೊಂದೇ ಮಾನದಂಡವಾಗಬೇಕು, ಅಸಮಾನತೆಗೆ ಶಿಕ್ಷಣದ ವಿಸ್ತರಣೆಯೇ ಮದ್ದು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಓದಿನ ಬಾಗಿಲೇ ತಲೆಮಾರುಗಳಿಂದ ಮುಚ್ಚಿರುವಾಗ ಆ ಯೋಗ್ಯತೆಯನ್ನು ಎಲ್ಲಿಂದ ತರುವುದೆಂಬುದು ಎದುರು ಪಕ್ಷದ ಪ್ರಶ್ನೆ. ಮಹಾರಾಜರ ಮೇಲೆ ಅವರಿಗಿದ್ದ ಗೌರವ ಕುಂದಲಿಲ್ಲ, ಅಭಿಪ್ರಾಯಭೇದವೂ ಕರಗಲಿಲ್ಲ. 1918ರ ಡಿಸೆಂಬರಿನಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ಮುಂದಿನ ಕಾಲವು ಸಮಿತಿಯ ದಾರಿಯನ್ನೇ ಹಿಡಿಯಿತು.

ಅಧಿಕಾರವನ್ನು ಬಿಟ್ಟರೂ ಅವರು ಸಾರ್ವಜನಿಕ ಚಿಂತನೆಯನ್ನು ಬಿಡಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ನಡೆಸಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ಹತ್ತು ವರ್ಷಗಳಲ್ಲಿ ರಾಷ್ಟ್ರದ ಆದಾಯವನ್ನು ಇಮ್ಮಡಿಗೊಳಿಸುವ ಗುರಿಯನ್ನು ಮುಂದಿಟ್ಟರು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳಿಗೆ ಆಗ ಇನ್ನೂ ಹದಿನೇಳು ವರ್ಷಗಳಿದ್ದವು. 1955ರಲ್ಲಿ ಭಾರತರತ್ನ ಅವರಿಗೆ ಸಂದಿತು; 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳ ಗಡಿಯನ್ನು ಮುಟ್ಟಿದ ಬಳಿಕ, ಬೆಂಗಳೂರಿನಲ್ಲಿ ಕಾಲವಾದರು.

ನಿರ್ಣಯಕ್ಕೆ ಮೊದಲು ಅಳತೆಯಿರಲಿ ಎಂಬುದನ್ನು ಅವರು ಆಡಳಿತಕ್ಕೆ ಕಲಿಸಿದರು. ಆ ಋಣ ದೊಡ್ಡದು. ಆದರೆ ಅಳತೆಗೋಲನ್ನು ಯಾರು ಹಿಡಿಯಬೇಕು, ಯಾರ ನಷ್ಟವನ್ನು ಲೆಕ್ಕಕ್ಕೆ ಸೇರಿಸಬೇಕು ಎಂಬುದನ್ನು ತಜ್ಞರೊಬ್ಬರೇ ತೀರ್ಮಾನಿಸಲಾಗದು. ಕೆಳಗಿನ ಗದ್ದೆಯ ರೈತರು, ಮುಳುಗಿದ ಊರಿನವರು, ಹುದ್ದೆಯ ಬಾಗಿಲಲ್ಲಿ ಕಾದವರು ಆ ಪ್ರಶ್ನೆಯನ್ನು ಎತ್ತಿದರು. ಕಾವೇರಿಯ ವಿಷಯದಲ್ಲಿ ಉತ್ತರವು ಒಪ್ಪಂದವಾಗಿ ಬಂದಿತು, ಹುದ್ದೆಗಳ ವಿಷಯದಲ್ಲಿ ಮೀಸಲಾತಿಯಾಗಿ ಬಂದಿತು. ಅವರ ಸಾಧನೆಯನ್ನು ಓದುವವರು ಈ ಉತ್ತರಗಳನ್ನೂ ಜೊತೆಯಲ್ಲಿಟ್ಟು ಓದಬೇಕು.