ಡಿವಿಜಿ ಎಂಬ ಪತ್ರಕರ್ತ ಮತ್ತು ತಾಲ್ಲೂಕು ವರದಿಗಾರ

ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಪತ್ರಿಕೋದ್ಯಮ ಕಲಿಯಲು ಹೊರಡುವ ತರುಣರಿಗೆ ಡಿ.ವಿ. ಗುಂಡಪ್ಪನವರು ಪರಿಚಿತರಾಗಿರುವುದು ‘ಮಂಕುತಿಮ್ಮನ ಕಗ್ಗ’ದ ಕವಿಯಾಗಿ. ಪತ್ರಿಕಾ ವೃತ್ತಿಯಿಂದಲೇ ಜೀವನ ಆರಂಭಿಸಿ, ಅದರ ಧರ್ಮವನ್ನು ಕನ್ನಡದಲ್ಲಿ ಬೋಧಿಸಿದವರಲ್ಲಿ ಅವರು ಅಗ್ರಗಣ್ಯರೆಂಬುದು ಮರೆಗೆ ಸರಿದಿದೆ.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ಕೆಲಕಾಲ ದುಡಿದರು. (ಆ ಗಣಿಗಳಿಗೆ 1902ರಿಂದ ವಿದ್ಯುತ್ ಹರಿದದ್ದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ.) ಬಳಿಕ ಬೆಂಗಳೂರು ಸೇರಿ ಪತ್ರಿಕೆಗಳಿಗೆ ಬರೆಯತೊಡಗಿದರು.

ಕಾಲ ಅನುಕೂಲಕರವಾಗಿರಲಿಲ್ಲ. 1908ರ ಮೈಸೂರು ವೃತ್ತಪತ್ರಿಕಾ ಕಾಯಿದೆಯ ಪ್ರಕಾರ ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕಿತ್ತು. ಇದನ್ನು ಪ್ರತಿಭಟಿಸಿ ತಾತಯ್ಯ ಎಂದೇ ಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇಂಥ ವಾತಾವರಣದಲ್ಲೇ ಗುಂಡಪ್ಪನವರು ‘ಕರ್ಣಾಟಕ’ ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಹೊರತಂದರು. ಮುಂದೆ ನಡೆಸಿದ ಕನ್ನಡ ಪತ್ರಿಕೆಯ ಹೆಸರಿನಲ್ಲಿ ಅವರು ಜನಜೀವನದ ಜೊತೆಗೆ ಅರ್ಥಸಾಧನೆಯನ್ನೂ ಸೇರಿಸಿದ್ದು ಅರ್ಥಶಾಸ್ತ್ರ ಓದಿದ ನನಗೆ ಪ್ರಿಯವಾದ ಸಂಗತಿ.

1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅವರು ಆಪ್ತರಾಗಿದ್ದರು. ಆದರೂ ಸರ್ಕಾರದ ಋಣಕ್ಕೆ ಬೀಳಲಿಲ್ಲ. ಅಧಿಕಾರದ ಮೇಜಿನ ಈಚೆ ದಶಕಗಳ ಕಾಲ ಕುಳಿತಿದ್ದ ನಾನು ಒಂದು ಮಾತು ಹೇಳಬಲ್ಲೆ: ಅಧಿಕಾರಸ್ಥರನ್ನು ದೂರದಿಂದ ಬೈಯುವ ಪತ್ರಕರ್ತ ಅಪರೂಪವಲ್ಲ, ಹತ್ತಿರವಿದ್ದೂ ಅವರಿಂದ ಏನನ್ನೂ ಪಡೆಯದವನು ಬಹಳ ಅಪರೂಪ. ಸರ್ಕಾರದಿಂದ ಬಂದ ಸಂಭಾವನೆಯ ಚೆಕ್ಕುಗಳನ್ನು ಡಿವಿಜಿ ನಗದಾಗಿಸದೆ ಇಟ್ಟಿದ್ದರೆಂಬುದು ಇಂದಿಗೂ ಹೇಳಿಬರುವ ಮಾತು.

ಈ ನಿಷ್ಠೆಯ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಪತ್ನಿ ಭಾಗೀರಥಮ್ಮನವರ ಕುರಿತು ಪ್ರಚಲಿತವಾಗಿರುವ ಒಂದು ಪ್ರಸಂಗವಿದೆ. ಸಮಾರಂಭವೊಂದಕ್ಕೆ ಹೋಗಲು ಹರಿಯದ ಸೀರೆ ಅವರಲ್ಲಿರಲಿಲ್ಲ. ಗಂಡನ ಗೌರವಕ್ಕೆ ಕುಂದು ಬಾರದಿರಲೆಂದು ಅವರು ಮನೆಯಲ್ಲೇ ಉಳಿದರಂತೆ. ಇದನ್ನು ತ್ಯಾಗದ ಕಥೆಯಾಗಿ ಕೊಂಡಾಡುವುದು ವಾಡಿಕೆ. ನನಗೆ ಅಷ್ಟು ಸುಲಭವಾಗಿ ಕೊಂಡಾಡಲಾಗದು.

1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಡಿವಿಜಿ ಅಧ್ಯಕ್ಷರಾಗಿದ್ದರು. ಪತ್ರಿಕೆಯ ಸ್ವರೂಪ, ಕರ್ತವ್ಯಗಳನ್ನು ಕನ್ನಡದಲ್ಲಿ ವಿವೇಚಿಸಿದ ಮೊದಮೊದಲ ಕೃತಿಗಳಲ್ಲಿ ಅವರ ‘ವೃತ್ತಪತ್ರಿಕೆ’ ಒಂದು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಸಾರ್ವಜನಿಕ ಪ್ರಶ್ನೆಗಳನ್ನು ಆಧಾರಸಹಿತವಾಗಿ ಚರ್ಚಿಸುವುದನ್ನು ತರುಣರಿಗೆ ಕಲಿಸಿದರು. 1970ರಲ್ಲಿ ಸಾರ್ವಜನಿಕರು ಅರ್ಪಿಸಿದ ನಿಧಿಯನ್ನೂ ಅದಕ್ಕೇ ಕೊಟ್ಟು, 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಮಂಡ್ಯ ಸೀಮೆಗೆ ಪತ್ರಿಕೆ ಹೊಸತಲ್ಲ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರಲ್ಲಿ ‘ಚಿತ್ರಗುಪ್ತ’ ಪತ್ರಿಕೆಯ ಎಚ್.ಕೆ. ವೀರಣ್ಣಗೌಡರೂ ಇದ್ದರು. ಇಂದು ನಾಲೆಯ ಕೊನೆಭಾಗದ ಗದ್ದೆಗೆ ನೀರು ತಲುಪಿತೇ, ಕಬ್ಬಿನ ಬಾಕಿ ಪಾವತಿಯಾಯಿತೇ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತ ಸಂಪಾದಕ ಅರಿಯಲಾರ. ತಾಲ್ಲೂಕು ವರದಿಗಾರನೇ ಹೋಗಿ ನೋಡಬೇಕು. ಆದರೆ ಅನೇಕ ಕಡೆ ಅವನಿಗೆ ಸಿಗುವುದು ಅಲ್ಪ ಗೌರವಧನ, ಜೊತೆಗೆ ಜಾಹೀರಾತು ತರುವ ಹೊಣೆ. ಯಾವ ಗುತ್ತಿಗೆದಾರನ ಕಾಮಗಾರಿಯನ್ನು ಪರಿಶೀಲಿಸಬೇಕೋ ಅವನ ಬಳಿಯೇ ಹಬ್ಬದ ಶುಭಾಶಯದ ಜಾಹೀರಾತಿಗೆ ಕೈಚಾಚಬೇಕು. ಅಂಥವನಿಗೆ ಡಿವಿಜಿಯವರ ವೈರಾಗ್ಯವನ್ನು ಉಪದೇಶಿಸುವುದು ಸಂಬಳ ಕೊಡದಿರುವುದಕ್ಕೆ ನೆಪವಾದೀತು.

ಪತ್ರಿಕೋದ್ಯಮದ ಪಠ್ಯದಲ್ಲಿ ಅವರ ಜೀವನಚರಿತ್ರೆ ಇರಲಿ. ಅದರ ಪಕ್ಕದಲ್ಲೇ ಪತ್ರಿಕೆಯೊಂದರ ಆಯವ್ಯಯವನ್ನು ಓದುವ ಪಾಠವೂ ಇರಲಿ. ಸುದ್ದಿ ತರುವವನನ್ನು ಜಾಹೀರಾತು ಸಂಗ್ರಹದಿಂದ ಬಿಡಿಸುವುದು ಮಾತ್ರ ಪಠ್ಯದ ಕೆಲಸವಲ್ಲ. ಅದನ್ನು ಮಾಲೀಕರೇ ಮಾಡಬೇಕು.