ಸ್ತ್ರೀಯರ ವೈದ್ಯೆ ಸಿಸ್ಟರ್ ಮೇರಿ ಗ್ಲೋರಿ

ಲಜ್ಜೆ ಸ್ತ್ರೀಗೆ ಭೂಷಣವೆನ್ನುವರು. ಆದರೆ ಲಜ್ಜೆಯು ರೋಗವನ್ನು ಮುಚ್ಚಿಟ್ಟಾಗ ಪ್ರಾಣಕ್ಕೇ ಎರವಾಗುತ್ತದೆ. ಈ ಸತ್ಯವನ್ನರಿತು ಬಾಳು ಸವೆಸಿದವರು ಡಾ. ಮೇರಿ ಗ್ಲೋರಿ.

1887ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದಲ್ಲಿ ಜನಿಸಿದ ಇವರು, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವೈದ್ಯ ಪದವಿ ಪಡೆದರು. ಪುರುಷ ವೈದ್ಯರ ಮುಂದೆ ಬರಲೊಲ್ಲದ ಭಾರತೀಯ ಸ್ತ್ರೀಯರಿಗಾಗಿ ದುಡಿದ ವೈದ್ಯೆ ಆಗ್ನೆಸ್ ಮೆಕ್ಲಾರೆನ್‌ರವರ ಜೀವನವನ್ನು 1915ರಲ್ಲಿ ಕಿರುಹೊತ್ತಗೆಯೊಂದರಲ್ಲಿ ಓದಿ, ತಮ್ಮ ಕರೆಯನ್ನು ಕಂಡುಕೊಂಡರು. ಪ್ರಸೂತಿ, ಸ್ತ್ರೀರೋಗ ಹಾಗೂ ನೇತ್ರ ಚಿಕಿತ್ಸೆಗಳಲ್ಲಿ ಉನ್ನತ ವ್ಯಾಸಂಗ ಮುಗಿಸಿ, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಕನ್ಯಾಮಠ ಸೇರಿದರು.

ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸಲು ಅಂದಿನ ಧರ್ಮಸಭೆಯ ನಿಯಮ ಅವಕಾಶ ನೀಡುತ್ತಿರಲಿಲ್ಲ. ಜಗದ್ಗುರು 15ನೆಯ ಬೆನೆಡಿಕ್ಟರು ಇವರಿಗೆ ವಿಶೇಷ ಅನುಮತಿಯಿತ್ತರು. ಸಣ್ಣ ಔಷಧಾಲಯವೊಂದು ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಸ್ಥಳೀಯ ಯುವತಿಯರು ಅಲ್ಲಿ ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತಿ ಹೊಂದಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ರಾಷ್ಟ್ರೀಯ ಸಂಘಟನೆಗೂ ಇವರೇ ಅಡಿಪಾಯ ಹಾಕಿದರು. 1957ರ ಮೇ 5ರಂದು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ದೈವಾಧೀನರಾದರು. 2013ರಲ್ಲಿ ಧರ್ಮಸಭೆ ಇವರನ್ನು ದೇವರ ಸೇವಕಿಯೆಂದು ಘೋಷಿಸಿತು.

ಇಂದು ಸ್ತ್ರೀವೈದ್ಯರು ಎಲ್ಲೆಡೆ ಇದ್ದಾರೆ. ಮನೆಯೊಳಗಿನ ಮೌನ ಮಾತ್ರ ಉಳಿದಿದೆ. ಶಾಲೆಗೆ ಹೋಗಲಾಗದಷ್ಟು ಮುಟ್ಟಿನ ನೋವು, ಅತಿಯಾದ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು, ಹದಿನೈದು ತುಂಬಿದರೂ ಋತುಮತಿಯಾಗದಿರುವುದು – ಇವು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ತಾಯಂದಿರೇ, ಮಗಳು ಕೇಳುವ ಮೊದಲೇ ನೀವು ಮಾತು ತೆಗೆಯಿರಿ. ತಂದೆಯರೇ, ಆ ಮಾತಿಗೆ ಅಡ್ಡಿಯಾಗಬೇಡಿರಿ. ದೇಹವು ದೇವರ ಆಲಯವಾದರೆ, ಅದರ ಆರೈಕೆಯಲ್ಲಿ ನಾಚಿಕೆಗೆ ಎಡೆಯೆಲ್ಲಿ?