ಪರದೇಶದ ಮದ್ದಿಗೆ ಕಾಯದ ಖ್ವಾಜಾ ಅಬ್ದುಲ್ ಹಮೀದ್

ಬಿಪಿ, ಶುಗರ್ ಮಾತ್ರೆ ಇಲ್ಲದ ಮನೆ ಈಗ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ. ದಮ್ಮಿನ ಕಾಯಿಲೆ ಇರುವ ಎಷ್ಟೋ ಹಿರಿಯರ ಜೇಬಿನಲ್ಲಿ ಅಸ್ತಾಲಿನ್ ಪಂಪು ಇರುತ್ತದೆ. ಅದರ ಮೇಲೆ ಸಿಪ್ಲಾ ಎಂಬ ಹೆಸರನ್ನು ನಾವೂ ಎಷ್ಟೋ ಸಲ ಓದಿದ್ದೇವೆ. ಆದರೆ ಆ ಕಂಪೆನಿ ಕಟ್ಟಿದ್ದು ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಡಾ. ಖ್ವಾಜಾ ಅಬ್ದುಲ್ ಹಮೀದ್.

ಹುಟ್ಟಿದ್ದು 1898ರಲ್ಲಿ, ಉತ್ತರ ಪ್ರದೇಶದ ಅಲೀಗಢದಲ್ಲಿ. ಅಲಹಾಬಾದಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿ ಶುರುವಾಯಿತು. ಹಮೀದ್ ಓದು ಬಿಟ್ಟು ಊರಿಗೆ ಬಂದರು. 1920ರಲ್ಲಿ ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಹುಟ್ಟಿತು. ಮುಂದೆ ದೇಶದ ರಾಷ್ಟ್ರಪತಿಯಾದ ಝಾಕಿರ್ ಹುಸೇನ್ ಅವರಿಗೆ ಗೆಳೆಯ. ಅವರೊಂದಿಗೆ ಸೇರಿ ಹಮೀದ್ ಜಾಮಿಯಾಕ್ಕಾಗಿ ದುಡಿದರು, ಅಲ್ಲೇ ರಸಾಯನಶಾಸ್ತ್ರ ಪಾಠವನ್ನೂ ಮಾಡಿದರು.

ಆಮೇಲೆ ಹೆಚ್ಚಿನ ಓದಿಗೆ ಜರ್ಮನಿಗೆ ಹೋದರು. ಆಗ ರಸಾಯನಶಾಸ್ತ್ರದಲ್ಲಿ ಜರ್ಮನಿಯನ್ನು ಮೀರಿಸಿದ ದೇಶ ಇರಲಿಲ್ಲ. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದರು. ಲಿಥುವೇನಿಯಾದ ಯಹೂದಿ ಮನೆತನದ ಲೂಬಾ ಅವರನ್ನು ಅಲ್ಲೇ ಮದುವೆಯಾದರು. ಇಬ್ಬರೂ ಭಾರತಕ್ಕೆ ಬಂದರು.

ಆಗ ಇಲ್ಲಿ ಮದ್ದಿನ ಸ್ಥಿತಿ ಹೇಗಿತ್ತು? ಹೆಚ್ಚಿನ ಆಧುನಿಕ ಮದ್ದುಗಳು ಹಡಗಿನಲ್ಲಿ ಯುರೋಪಿನಿಂದ ಬರಬೇಕಿತ್ತು. ಬೆಲೆ ಅವರು ಹೇಳಿದ್ದೇ. ಹಮೀದ್ 1935ರಲ್ಲಿ ಬೊಂಬಾಯಿಯಲ್ಲಿ ಸಿಪ್ಲಾ ಶುರು ಮಾಡಿದರು. 1937ರ ಹೊತ್ತಿಗೆ ಅಲ್ಲಿ ತಯಾರಾದ ಮದ್ದು ಮಾರುಕಟ್ಟೆಗೆ ಬಂತು. 1939ರ ಜುಲೈಯಲ್ಲಿ ಗಾಂಧೀಜಿ ಆ ಕಾರ್ಖಾನೆಯನ್ನು ನೋಡಲು ಬಂದಿದ್ದರು. ಎರಡೇ ತಿಂಗಳಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಹೊರಗಿನ ಮದ್ದು ಬರುವುದು ಕಷ್ಟವಾಯಿತು. ನಮ್ಮಲ್ಲೇ ತಯಾರಿಸದಿದ್ದರೆ ರೋಗಿಯ ಗತಿ ಏನು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಹಮೀದ್ ತನ್ನ ಕಾರ್ಖಾನೆ ಒಂದನ್ನೇ ನೋಡಿಕೊಂಡು ಕೂತವರಲ್ಲ. ದೇಶಕ್ಕೆ ವಿಜ್ಞಾನ ಸಂಶೋಧನಾಲಯಗಳು ಬೇಕೆಂದು ವಾದಿಸಿದರು, ಸಿಎಸ್‌ಐಆರ್ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೆಲಸ ಮಾಡಿದರು. ದೇಶ ಇಬ್ಭಾಗವಾಗುವುದನ್ನು ಅವರು ಒಪ್ಪಲಿಲ್ಲ. 1947ರಲ್ಲಿ ಎಷ್ಟೋ ಜನ ಗಡಿ ದಾಟಿದರೂ ಅವರು ಬೊಂಬಾಯಿ ಬಿಡಲಿಲ್ಲ.

ಸ್ವಾತಂತ್ರ್ಯ ಬಂದರೂ ಮದ್ದಿನ ಕಾನೂನು ಮಾತ್ರ ಬ್ರಿಟಿಷರ 1911ರದ್ದೇ ಉಳಿಯಿತು. ಒಂದು ಮದ್ದಿನ ಪೇಟೆಂಟ್ ಪರದೇಶಿ ಕಂಪೆನಿಯ ಕೈಯಲ್ಲಿದ್ದರೆ, ಬೇರೆ ದಾರಿಯಲ್ಲಿ ಅದೇ ಮದ್ದು ತಯಾರಿಸುವ ವಿದ್ಯೆ ಗೊತ್ತಿದ್ದರೂ ನಮ್ಮವರು ತಯಾರಿಸುವಂತಿರಲಿಲ್ಲ. ಅದೂ 16 ವರ್ಷ. ಅಷ್ಟು ವರ್ಷ ಕಾಯಿಲೆಯವನು ಕಾಯುತ್ತಾನಾ? ಇದು ಬದಲಾಗಬೇಕೆಂದು ಹೋರಾಡಿದ ದೇಶೀ ತಯಾರಕರಲ್ಲಿ ಹಮೀದ್ ಕೂಡ ಇದ್ದರು. ಕೊನೆಗೆ 1970ರಲ್ಲಿ ಹೊಸ ಪೇಟೆಂಟ್ ಕಾಯ್ದೆ ಆಯಿತು. ಅದರಂತೆ ಪೇಟೆಂಟ್ ಮದ್ದಿಗಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಅದೂ ಏಳು ವರ್ಷಕ್ಕೆ ಮೀರದಂತೆ. ಬೇರೆ ವಿಧಾನ ಗೊತ್ತಿದ್ದವರು ಅದೇ ಮದ್ದನ್ನು ತಯಾರಿಸಬಹುದಾಯಿತು.

ಕಾಯ್ದೆ ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ. ಅದೇ ಜೂನ್‌ನಲ್ಲಿ ಹಮೀದ್ ತೀರಿಕೊಂಡರು. ಅದರ ಫಲ ನೋಡಲು ಅವರಿರಲಿಲ್ಲ. ಆದರೆ ಆಮೇಲೆ ಭಾರತದ ಮದ್ದಿನ ಕಾರ್ಖಾನೆಗಳು ಬೆಳೆದದ್ದು ಆ ಬಾಗಿಲು ತೆರೆದ ಕಾರಣಕ್ಕೆ. 2001ರಲ್ಲಿ ಅವರ ಮಗ ಯೂಸುಫ್ ಹಮೀದ್ ಏಡ್ಸ್ ಮದ್ದನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇವೆಂದರು. ಪಾಶ್ಚಾತ್ಯ ಕಂಪೆನಿಗಳ ಬೆಲೆ ಆಗ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲಿತ್ತು. ಆಫ್ರಿಕಾದ ಬಡ ರೋಗಿಗೂ ಮದ್ದು ಕೈಗೆಟುಕುವ ದಾರಿ ಕಂಡಿತು.

2005ರಿಂದ ಕಾನೂನು ಮತ್ತೆ ಬದಲಾಗಿ, ಮದ್ದಿಗೇ ಪೇಟೆಂಟ್ ಸಿಗುತ್ತದೆ. ಹಾಗಾಗಿ ಹಮೀದರು ಎತ್ತಿದ ಪ್ರಶ್ನೆ ಮುಗಿದಿಲ್ಲ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮಕ್ಕಳು ನಮ್ಮ ಮನೆಗಳಲ್ಲಿ ಈಗ ತುಂಬ ಇದ್ದಾರೆ. ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದುಕೊಳ್ಳುವ ಮಕ್ಕಳಿಗೆ ಈ ರಸಾಯನಶಾಸ್ತ್ರದ ಮೇಷ್ಟ್ರ ಕತೆಯನ್ನು ಒಮ್ಮೆ ಹೇಳೋಣ.